ಡಾರ್ವಿನ್‌ನ ಪ್ರಶ್ನೆಗಳಿಗೆ ಕೆನರಾದಿಂದಲೂ ಉತ್ತರ ಹೋಗಿತ್ತು

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಓದುಗರ ಅಂಕಣದಲ್ಲಿ ಒಂದು ಪತ್ರ ಬಂದಿತ್ತು. ಜೀವಿಗಳೆಲ್ಲ ಹಿಂದಿನ ಜೀವಿಗಳಿಂದ ನಿಧಾನವಾಗಿ ಬದಲಾಗುತ್ತಾ ಬಂದವು ಅನ್ನುವ ವಿಕಾಸವಾದ ಇಂಗ್ಲೆಂಡಿನಲ್ಲಿ ಆರಾಮ ಕುರ್ಚಿಯಲ್ಲಿ ಕೂತವರ ಊಹೆ, ನಮ್ಮ ಜನಕ್ಕೂ ಅದಕ್ಕೂ ಸಂಬಂಧ ಇಲ್ಲ, ಹತ್ತನೇ ತರಗತಿಯ ಪುಸ್ತಕದಿಂದ ಅದನ್ನು ತೆಗೆದದ್ದು ಒಳ್ಳೆಯದೇ ಆಯಿತು ಅಂತ ಅವರು ಬರೆದಿದ್ದರು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಕಲಿತದ್ದೇ ಅಷ್ಟು: 'ಮಂಗನಿಂದ ಮಾನವ' ಅಂತ ಒಂದು ಸಾಲು, ಬಗ್ಗಿದ ಮಂಗ ನೆಟ್ಟಗಾಗುತ್ತಾ ಹೋಗುವ ಒಂದು ಚಿತ್ರ, ಮುಗೀತು. ಆದರೆ 'ನಮಗೆ ಸಂಬಂಧ ಇಲ್ಲ' ಅನ್ನುವ ಮಾತನ್ನು ಹಾಗೇ ಬಿಡಲು ನನಗೆ ಮನಸ್ಸು ಬರಲಿಲ್ಲ. ಪತ್ರ ಉದ್ದ ಆಗಿದೆ. ಜಾಗ ಸಾಲದಿದ್ದರೆ ಎರಡು ಕಂತಿನಲ್ಲಿ ಹಾಕಿ, ದಯವಿಟ್ಟು ಕತ್ತರಿಸಬೇಡಿ.

ಮನುಷ್ಯರು ಮತ್ತು ಪ್ರಾಣಿಗಳು ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ, ಮೈಯಲ್ಲಿ ಹೇಗೆ ತೋರಿಸುತ್ತವೆ ಅಂತ, ವಿಕಾಸವಾದವನ್ನು ಮುಂದಿಟ್ಟ ಇಂಗ್ಲಿಷ್ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಒಂದು ಪುಸ್ತಕ ತಂದ. ತನಗೆ ಬೇರೆ ಬೇರೆ ದೇಶಗಳಿಂದ ಮಾಹಿತಿ ಕಳಿಸಿದವರ ಹೆಸರುಗಳನ್ನು ಶುರುವಿನಲ್ಲೇ ಕೊಟ್ಟಿದ್ದಾನೆ. ಅದರಲ್ಲಿ ಎಚ್. ಎರ್ಸ್ಕಿನ್ ಅಂತ ಒಬ್ಬನಿದ್ದಾನೆ. ಮುಂಬಯಿ ಪ್ರಾಂತ್ಯದ ಅಹಮದನಗರ ಜಿಲ್ಲೆಯಲ್ಲಿ ಇದ್ದವನು. ಪುಣೆಯ ಪಕ್ಕದ ಜಿಲ್ಲೆ ಅದು, ಈಗ ಅಹಿಲ್ಯಾನಗರ. ಈ ಎರ್ಸ್ಕಿನ್ ತಾನು ನೋಡಿದ್ದನ್ನು ಬರೆದು ಸುಮ್ಮನಾಗಲಿಲ್ಲ, ಕೆನರಾದ ನ್ಯಾಯಾಧೀಶನಾಗಿದ್ದ ವೆಸ್ಟ್ ಎಂಬಾತನಿಂದಲೂ ಮಾಹಿತಿ ತರಿಸಿ ಡಾರ್ವಿನ್‌ಗೆ ಕಳಿಸಿದ. ಕೆನರಾ ಅಂದರೆ ಆಗ ಮುಂಬಯಿ ಪ್ರಾಂತ್ಯದಲ್ಲಿ ಈಗಿನ ಉತ್ತರ ಕನ್ನಡ. 1862ರಲ್ಲಿ ಅದನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದರು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ ಬಿಟ್ಟು ಮುಂಬೈಗೆ ಬಂದವರು ಈ ಪತ್ರಿಕೆಯ ಓದುಗರಲ್ಲಿ ಬೇಕಾದಷ್ಟು ಜನ ಇದ್ದೀರಿ. ನಾನೂ ಅಂಕೋಲೆಯ ಕಡೆಯವಳೇ. ನಮ್ಮ ಜಿಲ್ಲೆಯ ಹೆಸರು ಆ ಪುಸ್ತಕದಲ್ಲಿ ಅಚ್ಚಾಗಿ ಒಂದೂವರೆ ಶತಮಾನ ದಾಟಿದೆ, ನಮ್ಮ ಒಂದು ಸಂಘದ ವೇದಿಕೆಯಲ್ಲೂ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಎರ್ಸ್ಕಿನ್ ಕೆಲವು ವಿಷಯಗಳಲ್ಲಿ ಬುದ್ಧಿವಂತರಾದ ಸ್ಥಳೀಯ ಮಹನೀಯರನ್ನೂ ಕೇಳಿ ತಿಳಿದುಕೊಂಡ ಅಂತ ಡಾರ್ವಿನ್ ಬರೆದಿದ್ದಾನೆ. ಆ ಮಹನೀಯರು ಯಾರು? ಹೆಸರು ಹಾಕಿಲ್ಲ. ಸಾಹೇಬರ ಹೆಸರು ಉಳಿಯಿತು, ನಮ್ಮವರದ್ದು ಉಳಿಯಲಿಲ್ಲ. ಇದು ನನಗೆ ನೋವಿನ ವಿಷಯ.

ಡಾರ್ವಿನ್ ಇಷ್ಟು ದೂರದ ಜನರನ್ನು ಯಾಕೆ ಕೇಳಬೇಕಾಯಿತು ಅನ್ನುವುದನ್ನು ಹೇಳಬೇಕು. ಜೀವಜಾತಿಗಳ ಮೂಲದ ಬಗ್ಗೆ 1859ರಲ್ಲಿ ತಂದ ತನ್ನ ಹೆಸರಾಂತ ಪುಸ್ತಕದಲ್ಲಿ ಅವನು ಮನುಷ್ಯನ ವಿಷಯ ಹೆಚ್ಚುಕಡಿಮೆ ಮುಟ್ಟಿರಲೇ ಇಲ್ಲ, ಮನುಷ್ಯನ ಮೂಲದ ಮೇಲೂ ಇದರಿಂದ ಬೆಳಕು ಬೀಳುತ್ತದೆ ಅಂತ ಕೊನೆಯ ಹತ್ತಿರ ಒಂದು ವಾಕ್ಯ ಹೇಳಿ ಬಿಟ್ಟಿದ್ದ. ಆಮೇಲಿನ ವರ್ಷಗಳಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. ಸರಿ ಕಣಪ್ಪಾ, ಪಾರಿವಾಳ ಆಯಿತು, ನಾಯಿ ಆಯಿತು, ನಮ್ಮ ಮೈಗೇನು ಹೇಳ್ತೀಯ? ನಮಗೆ ಮೈತುಂಬಾ ಕೂದಲು ಯಾಕಿಲ್ಲ? ನಾಚಿದರೆ ಮುಖ ಯಾಕೆ ಕೆಂಪಾಗುತ್ತದೆ? ಅಳುವಾಗ ಹುಬ್ಬಿನ ಒಳತುದಿ ಯಾಕೆ ಮೇಲೇರುತ್ತದೆ? ಸರ್ ಚಾರ್ಲ್ಸ್ ಬೆಲ್ ಅನ್ನುವ ದೊಡ್ಡ ಅಂಗರಚನಾ ಪಂಡಿತ ಇದಕ್ಕೆ ಮೊದಲೇ ಒಂದು ಉತ್ತರ ಕೊಟ್ಟಿದ್ದ. ಮನುಷ್ಯನ ಮುಖದ ಕೆಲವು ಸ್ನಾಯುಗಳು ಭಾವನೆ ತೋರಿಸಲಿಕ್ಕೆಂದೇ ದೇವರು ವಿಶೇಷವಾಗಿ ಕೊಟ್ಟವು ಅಂತ. ಡಾರ್ವಿನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಮಂಗಗಳ ಮುಖದಲ್ಲೂ ಅವೇ ಸ್ನಾಯುಗಳು ಇವೆಯಲ್ಲ, ಅವಕ್ಕೆ ಯಾಕೆ ಕೊಟ್ಟ?

ಹಾಗಾಗಿ ಅವನು ಯೋಚಿಸಿದ್ದು ಹೀಗೆ. ಒಬ್ಬರನ್ನೊಬ್ಬರು ನೋಡೇ ಇರದ ಜನ, ಬೇರೆ ಭಾಷೆಯವರು, ಬೇರೆ ದೇವರವರು, ಎಲ್ಲರೂ ಸಿಟ್ಟಿಗೆ ಒಂದೇ ಮುಖ, ಹೆದರಿಕೆಗೆ ಒಂದೇ ಮುಖ ಮಾಡುತ್ತಾರೆ ಅಂತಾದರೆ ಅದು ಕಲಿತು ಬಂದದ್ದಾಗಿರಲಾರದು. ಒಂದೇ ಹಿರಿಯರಿಂದ ಎಲ್ಲರಿಗೂ ಇಳಿದು ಬಂದಿರಬೇಕು. ಇದನ್ನು ಪರೀಕ್ಷೆ ಮಾಡಲು 1867ರ ಆರಂಭದಲ್ಲಿ ಹದಿನಾರು ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಪಾದ್ರಿಗಳು, ಅಧಿಕಾರಿಗಳು, ದೂರದ ನಾಡುಗಳಲ್ಲಿದ್ದ ಪರಿಚಯದವರು, ಹೀಗೆ ಸಿಕ್ಕಸಿಕ್ಕವರಿಗೆ ಕಳಿಸಿದ. 36 ಜನರಿಂದ ಉತ್ತರ ಬಂತು. ಅವನು ಇದ್ದದ್ದು ಕೆಂಟ್ ಪ್ರಾಂತ್ಯದ ಡೌನ್ ಅನ್ನುವ ಹಳ್ಳಿಯಲ್ಲಿ. ಆರೋಗ್ಯ ಸರಿ ಇರಲಿಲ್ಲ, ಮನೆ ಬಿಟ್ಟು ಹೊರಡುವುದು ಅಪರೂಪ. ಆದರೆ ಪತ್ರ ಬರೆಯುವುದರಲ್ಲಿ ಅವನನ್ನು ಮೀರಿಸುವವರು ಕಡಿಮೆ. ಅವನು ಬರೆದ, ಅವನಿಗೆ ಬಂದ ಪತ್ರಗಳು ಸೇರಿ 15,000ಕ್ಕೂ ಹೆಚ್ಚು ಇವತ್ತು ಸಿಕ್ಕಿವೆ. ಕುರ್ಚಿಯಲ್ಲಿ ಕೂತಿದ್ದ, ನಿಜ. ಕೂತು ಜಗತ್ತನ್ನೆಲ್ಲ ಕೇಳುತ್ತಿದ್ದ.

ಪ್ರಶ್ನೆಗಳು ಎಷ್ಟು ಸರಳ ನೋಡಿ. ಆಶ್ಚರ್ಯ ಆದಾಗ ಕಣ್ಣು ಬಾಯಿ ಅಗಲವಾಗಿ, ಹುಬ್ಬು ಮೇಲೇರುತ್ತವೆಯೇ? ನಾಚಿಕೆ ಆದಾಗ ಮೈಬಣ್ಣದಲ್ಲಿ ಕಾಣುವ ಹಾಗಿದ್ದರೆ ಮುಖ ಕೆಂಪಾಗುತ್ತದೆಯೇ, ಆ ಕೆಂಪು ಮೈಮೇಲೆ ಎಲ್ಲಿಯವರೆಗೆ ಇಳಿಯುತ್ತದೆ? ಮಕ್ಕಳು ಮುನಿಸಿಕೊಂಡಾಗ ತುಟಿ ಮುಂದಕ್ಕೆ ಚಾಚುತ್ತವೆಯೇ? 'ನನ್ನ ಕೈಲಿ ಏನೂ ಇಲ್ಲಪ್ಪ' ಅಂತ ತೋರಿಸಬೇಕಾದಾಗ ಮನುಷ್ಯ ಹೆಗಲು ಮೇಲೆತ್ತಿ, ಮೊಣಕೈ ಒಳಗೆ ಮಾಡಿ, ಅಂಗೈ ಬಿಚ್ಚಿ ತೋರಿಸುತ್ತಾನೆಯೇ? ಕೊನೆಯ ಪ್ರಶ್ನೆ, ಹೌದು ಅನ್ನಲು ತಲೆ ಮೇಲೆ ಕೆಳಗೆ ಆಡಿಸುತ್ತಾರೆಯೇ, ಇಲ್ಲ ಅನ್ನಲು ಅಕ್ಕಪಕ್ಕ ಆಡಿಸುತ್ತಾರೆಯೇ? ಇದರ ಜೊತೆ ಒಂದು ಸೂಚನೆಯನ್ನೂ ಸೇರಿಸಿದ್ದ. ಇಂಥ ವಿಷಯಗಳಲ್ಲಿ ನೆನಪು ಬಹಳ ಮೋಸ ಮಾಡುತ್ತದೆ, ಹಾಗಾಗಿ ನೆನಪನ್ನು ನಂಬಿ ಬರೆಯಬೇಡಿ ಅಂತ. ಕಣ್ಣಾರೆ ನೋಡಿ, ಆಗಲೇ ಗುರುತು ಹಾಕಿಕೊಂಡು ಬರೆಯಬೇಕು. ವಿಜ್ಞಾನದ ಪಾಠ ಅಂದರೆ ಇದು ಅಂತ ನಾನು ನಂಬುತ್ತೇನೆ. ಮಕ್ಕಳಿಗೆ ಇದನ್ನು ಕೊಡದೆ ಇನ್ನೇನು ಕೊಡುತ್ತೇವೆ?

ಅಹಮದನಗರದಿಂದ ಎರ್ಸ್ಕಿನ್ ಬರೆದ ಉತ್ತರದಲ್ಲಿ ಒಂದು ಮಾತು ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿತು. ಇಲ್ಲಿಯ ಜನರ ಮುಖ ನೋಡಿ ಖಚಿತವಾಗಿ ಏನೂ ಹೇಳಲು ಕಷ್ಟವಾಗುತ್ತಿದೆ, ಯಾಕೆಂದರೆ ಯುರೋಪಿನವರ ಎದುರು ಇವರು ತಮ್ಮ ಭಾವನೆಗಳನ್ನೆಲ್ಲ ಮುಚ್ಚಿಡುವುದೇ ರೂಢಿ. 1857 ಕಳೆದು ಆಗಿನ್ನೂ ಹತ್ತು ವರ್ಷ. ಎದುರಿಗೆ ಕೂತವನು ಆಳುವವರ ಕಡೆಯವನು. ಕಂದಾಯ, ಜಮೀನು, ಕೋರ್ಟು, ಎಲ್ಲ ಅಂಥವರ ಕೈಯಲ್ಲಿ. ಅವನೆದುರು ಯಾರು ತಮ್ಮ ಸಿಟ್ಟನ್ನೋ ಅಳುವನ್ನೋ ತೋರಿಸಿಕೊಳ್ಳುತ್ತಾರೆ? ನಮ್ಮ ಹಿರಿಯರು ಮುಖ ಕಲ್ಲು ಮಾಡಿಕೊಂಡು ಕೂತಿದ್ದರು. ಎರ್ಸ್ಕಿನ್ ಇದನ್ನು ಪ್ರಾಮಾಣಿಕವಾಗಿ ಬರೆದ, ಡಾರ್ವಿನ್ ಅದನ್ನು ಅಡಗಿಸದೆ ಅಚ್ಚು ಹಾಕಿದ. ತನ್ನ ಸಾಕ್ಷ್ಯ ಎಲ್ಲಿ ದುರ್ಬಲ ಅಂತ ತಾನೇ ಹೇಳಿದವನನ್ನು ಊಹೆಗಾರ ಅನ್ನುವುದು ನ್ಯಾಯ ಅಲ್ಲ ಅಲ್ವಾ?

ತಲೆ ಆಡಿಸುವ ಪ್ರಶ್ನೆಯಂತೂ ನಮ್ಮದೇ ಪ್ರಶ್ನೆ. ಭಾರತದ ಒಬ್ಬ ಸ್ಥಳೀಯ ಮಹನೀಯರು, ಇವರ ಹೆಸರೂ ಇಲ್ಲ, ನಮ್ಮಲ್ಲಿ ಹೌದು ಅನ್ನಲು ಎಷ್ಟೋ ಸಲ ತಲೆಯನ್ನು ಎಡಕ್ಕೆ ಹಾಕುತ್ತಾರೆ ಅಂತ ತಿಳಿಸಿದರು. ಡಾರ್ವಿನ್ ಅದನ್ನು ಹಾಗೇ ಬರೆದುಕೊಂಡು ಮುಂದೆ ಹೋಗಲಿಲ್ಲ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್‌ಗೆ ಇದೊಂದನ್ನು ವಿಶೇಷವಾಗಿ ಗಮನಿಸು ಅಂತ ಹೇಳಿದ. ಸ್ಕಾಟ್ ಮತ್ತೆ ಮತ್ತೆ ನೋಡಿ ಕಳಿಸಿದ ಉತ್ತರ ಇದು: ಹೌದು ಅನ್ನಲು ಇಲ್ಲಿನವರು ನೇರವಾಗಿ ಮೇಲೆ ಕೆಳಗೆ ತಲೆ ಆಡಿಸುವುದು ಕಡಿಮೆ, ತಲೆಯನ್ನು ಮೊದಲು ಎಡಕ್ಕೋ ಬಲಕ್ಕೋ ಹಿಂದಕ್ಕೆ ಹಾಕಿ, ಆಮೇಲೆ ಒಂದೇ ಸಲ ಓರೆಯಾಗಿ ಮುಂದಕ್ಕೆ ತರುತ್ತಾರೆ. ದಾದರ್ ಸ್ಟೇಷನ್ನಿನಲ್ಲಿ ನಮ್ಮ ಕಡೆಯವರೊಬ್ಬರನ್ನು ಹಿಡಿದು 'ಇದು ಸ್ಲೋ ಲೋಕಲ್ಲಾ?' ಅಂತ ಕೇಳಿ ನೋಡಿ, ಬಾಯಿಂದ ಒಂದು ಶಬ್ದ ಬರಲ್ಲ, ತಲೆ ಮಾತ್ರ ಹಾಗೆ ಒಂದು ಸಲ ಓರೆಯಾಗಿ ಹೋಗಿ ಬರುತ್ತದೆ. ಕೆಲವು ನಾಡುಗಳಲ್ಲಿ ಇಲ್ಲ ಅನ್ನಲು ನಾಲಿಗೆಯಿಂದ ಲೊಚಗುಟ್ಟುತ್ತಾರೆ ಅಂತಲೂ ಡಾರ್ವಿನ್‌ಗೆ ಸುದ್ದಿ ಬಂದಿತ್ತು. ಇದರ ಅರ್ಥ ಏನಿರಬಹುದು ಅಂತ ತನಗೆ ಊಹಿಸಲೂ ಆಗುತ್ತಿಲ್ಲ ಅಂತ ಬರೆದ. ಎಲ್ಲ ಕಡೆ ಒಂದೇ ರೀತಿ ಇರುವ ಭಾವ ಯಾವುದು, ಊರಿಂದ ಊರಿಗೆ ಬದಲಾಗುವ ರೂಢಿ ಯಾವುದು, ಇವೆರಡನ್ನು ಬೇರೆ ಮಾಡಬೇಕು ಅನ್ನುವುದು ಅವನಿಗೆ ಸ್ಪಷ್ಟವಾದದ್ದು ಇಂಥ ಉತ್ತರಗಳಿಂದ. ಅಂದರೆ ಭಾರತದ ತಲೆಗಳು ಅವನ ಪುಸ್ತಕಕ್ಕೆ ಒಂದು ತಿದ್ದುಪಡಿ ಕೊಟ್ಟವು. ಸಂಬಂಧ ಇಲ್ಲ ಅನ್ನುವವರು ಇದನ್ನು ನೆನಪಿಡಲಿ.

ಇನ್ನು ಮೈಕೂದಲಿನ ವಿಷಯ. ಎಲ್ಲಕ್ಕಿಂತ ಸ್ವಾರಸ್ಯ ಇರುವುದು ಇದರಲ್ಲೇ ಅಂತ ನನ್ನ ಅಭಿಪ್ರಾಯ, ಟ್ಯೂಷನ್ನಿಗೆ ಬರುವ ಮಕ್ಕಳೂ ಇದನ್ನು ಹೇಳುವಾಗ ಫೋನು ಕೆಳಗಿಡುತ್ತವೆ. ಹೆದರಿದಾಗ, ಚಳಿಯಾದಾಗ, ಒಳ್ಳೆಯ ಹಾಡು ಕೇಳಿದಾಗ ನಮಗೆ ಮೈ ಜುಮ್ ಅಂದು ಕೂದಲು ನಿಗುರುತ್ತವೆ. ಪ್ರತಿ ಕೂದಲಿನ ಬುಡಕ್ಕೂ ಒಂದು ಸಣ್ಣ ಸ್ನಾಯು ಇದೆ, ಅದು ಬಿಗಿಯಾದರೆ ಕೂದಲು ಎದ್ದು ನಿಲ್ಲುತ್ತದೆ. ಬೆಕ್ಕಿಗೆ ಇದರಿಂದ ಲಾಭ ಇದೆ. ಎದುರಿಗೆ ನಾಯಿ ಬಂದರೆ ಉಬ್ಬಿ ದೊಡ್ಡದಾಗಿ ಕಾಣುತ್ತದೆ, ಚಳಿಯಲ್ಲಿ ತುಪ್ಪಳದ ನಡುವೆ ಗಾಳಿ ನಿಂತು ಮೈ ಬೆಚ್ಚಗಿರುತ್ತದೆ. ನಮಗೇನು ಲಾಭ? ಏನಿಲ್ಲ. ಎದ್ದು ನಿಲ್ಲುವಷ್ಟು ಕೂದಲೇ ಇಲ್ಲ, ಆದರೂ ಸ್ನಾಯು ತನ್ನ ಕೆಲಸ ಬಿಟ್ಟಿಲ್ಲ. ಮನುಷ್ಯ ಒಂದು ಕಾಲದಲ್ಲಿ ಪ್ರಾಣಿಯ ಹಾಗೆ ಬದುಕಿದ್ದ ಅಂತ ಒಪ್ಪದೆ ಇದಕ್ಕೆ ಅರ್ಥ ಹೇಳುವುದು ಕಷ್ಟ ಅಂದ ಡಾರ್ವಿನ್.

ಈಗ ಒಂದು ಕೈ ಮಡಚಿ ಮುಂಗೈ ಮೇಲಿನ ಕೂದಲು ನೋಡಿ. ತೋಳಿನ ಕೂದಲು ಕೆಳಗೆ ಮೊಣಕೈ ಕಡೆ ಮುಖ ಮಾಡಿದೆ, ಮುಂಗೈಯ ಕೂದಲು ಮೇಲೆ ಮೊಣಕೈ ಕಡೆ ಮುಖ ಮಾಡಿದೆ. ಎರಡೂ ಬಂದು ಮೊಣಕೈಯಲ್ಲಿ ಸೇರುತ್ತವೆ. ಯಾಕೆ ಹೀಗೆ? ಇದಕ್ಕೆ ಒಂದು ಸಲಹೆ ಕೊಟ್ಟವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಈತ ಬಡವರ ಮನೆಯ ಹುಡುಗ, 14ನೇ ವಯಸ್ಸಿಗೆ ಶಾಲೆ ಬಿಟ್ಟವನು, ಚಿಟ್ಟೆ, ಜೀರುಂಡೆ, ಹಕ್ಕಿ ಹಿಡಿದು ಮಾರಿ ಜೀವನ ಮಾಡಿದವನು. ಡಾರ್ವಿನ್ ಇಪ್ಪತ್ತು ವರ್ಷ ಒಳಗಿಟ್ಟುಕೊಂಡಿದ್ದ ನಿಸರ್ಗದ ಆಯ್ಕೆಯ ವಿಚಾರವನ್ನೇ, ಅಂದರೆ ಬದುಕಲು ಅನುಕೂಲವಾದ ಗುಣ ಇದ್ದವು ಉಳಿದು ಆ ಗುಣ ಮುಂದಿನ ತಲೆಮಾರಿಗೆ ಹೋಗುತ್ತದೆ ಅನ್ನುವುದನ್ನೇ, ತಾನಾಗಿ ಕಂಡುಕೊಂಡು 1858ರಲ್ಲಿ ಈಗಿನ ಇಂಡೋನೇಷ್ಯಾದ ದ್ವೀಪಗಳಿಂದ ಪತ್ರ ಬರೆದ, ಇಬ್ಬರ ಬರಹವನ್ನೂ ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದಲ್ಲಿ ಒಟ್ಟಿಗೆ ಓದಿದರು. ವಾಲೇಸ್ ಕಾಡಿನಲ್ಲಿ ಒರಾಂಗುಟಾನ್ ಎಂಬ ದೊಡ್ಡ ವಾನರಗಳನ್ನು ಹತ್ತಿರದಿಂದ ನೋಡಿದ್ದ. ಒರಾಂಗುಟಾನ್ ಕೈ ಮಡಚಿ ಕೊಂಬೆಯನ್ನೋ ತನ್ನ ತಲೆಯನ್ನೋ ಹಿಡಿದು ಕೂತಾಗ ಮಳೆನೀರು ಆ ಕೂದಲಿನ ದಾರಿಯಲ್ಲೇ ಜಾರಿ ಮೊಣಕೈಯಿಂದ ಕೆಳಗೆ ಬೀಳುತ್ತದೆ, ಮೈ ಒದ್ದೆಯಾಗುವುದಿಲ್ಲ ಅಂತ ಅವನ ಲೆಕ್ಕ. ನಮ್ಮ ಕೈಯಲ್ಲಿರುವುದು ಅದರ ಗುರುತು ಇರಬಹುದು ಅಂತ ಡಾರ್ವಿನ್ ಅದನ್ನು ಮನುಷ್ಯನ ಮೂಲದ ಬಗ್ಗೆ ಬರೆದ 1871ರ ಪುಸ್ತಕದಲ್ಲಿ ಸೇರಿಸಿಕೊಂಡ, ಆದರೆ ಹೀಗೇ ಇರಬೇಕು ಅಂತ ಹಟ ಹಿಡಿಯಲಿಲ್ಲ. ಜುಲೈ ಮಳೆಯಲ್ಲಿ ಛತ್ರಿ ಇಲ್ಲದೆ ಸ್ಟೇಷನ್ನಿಂದ ಓಡಿ ಬಂದ ಮಕ್ಕಳಿಗೆ ಇದನ್ನು ಹೇಳಿದರೆ ಮೊದಲು ಅವು ತಮ್ಮ ಕೈ ನೋಡಿಕೊಳ್ಳುತ್ತವೆ, ಆಮೇಲೆ ಪಕ್ಕದವರದ್ದು.

ಇದೇ ವಾಲೇಸ್ ಆಮೇಲೆ ಡಾರ್ವಿನ್‌ನ ಜೊತೆ ಜಗಳಕ್ಕೇ ನಿಂತ. 1869ರಲ್ಲಿ ಮತ್ತು 1870ರಲ್ಲಿ ಅವನು ಬರೆದದ್ದು ಹೀಗಿದೆ. ಮನುಷ್ಯನ ಮೆದುಳು, ಕೈ, ದನಿ, ಕೂದಲಿಲ್ಲದ ಬೆನ್ನು, ಇವನ್ನು ನಿಸರ್ಗದ ಆಯ್ಕೆಯೊಂದರಿಂದಲೇ ವಿವರಿಸಲು ಆಗದು. ಬೆನ್ನಿನ ವಿಷಯದಲ್ಲಿ ಅವನ ಪ್ರಶ್ನೆ ಚೆನ್ನಾಗಿತ್ತು. ಮಳೆ ಚಳಿಯಲ್ಲಿ ಎಲ್ಲ ಪ್ರಾಣಿಗಳಿಗೂ ಬೆನ್ನಿನ ಮೇಲೇ ದಟ್ಟ ಕೂದಲು ಇರುತ್ತದೆ, ಮನುಷ್ಯನಿಗೆ ಅಲ್ಲೇ ಇಲ್ಲ, ಕಾಡಿನ ಜನರೂ ಬೆನ್ನಿಗೆ ಏನಾದರೂ ಹೊದ್ದುಕೊಳ್ಳುತ್ತಾರೆ, ಹಾಗಿದ್ದರೆ ಕೂದಲು ಕಳೆದುಕೊಂಡು ಯಾರಿಗೆ ಲಾಭವಾಯಿತು? 1869ರ ಬರಹ ಓದುವ ಮೊದಲೇ ಡಾರ್ವಿನ್‌ಗೆ ಆತಂಕವಾಗಿತ್ತು. ನಿನ್ನ ಮತ್ತು ನನ್ನ ಮಗುವನ್ನು ನೀನು ಪೂರ್ತಿ ಕೊಂದಿಲ್ಲ ಅಂತ ಆಶಿಸುತ್ತೇನೆ ಅಂತ ವಾಲೇಸ್‌ಗೆ ಪತ್ರ ಬರೆದಿದ್ದ. ಆದರೆ ಡಾರ್ವಿನ್‌ನ ಉತ್ತರವೂ ಗಟ್ಟಿ ಇರಲಿಲ್ಲ ಅಂತ ನನಗನಿಸುತ್ತದೆ. ಕೂದಲು ಕಡಿಮೆ ಇರುವ ಸಂಗಾತಿಯನ್ನು ಮೆಚ್ಚಿ ಮೆಚ್ಚಿ ಹೀಗಾಯಿತು ಅಂದ. ಥಾಮಸ್ ಬೆಲ್ಟ್ ಎಂಬಾತ 1874ರಲ್ಲಿ, ಇಲ್ಲ, ಉಣ್ಣಿ ಮತ್ತು ಹೇನುಗಳ ಕಾಟ ತಪ್ಪಿಸಿಕೊಳ್ಳಲು ಹೀಗಾಯಿತು ಅಂದ. ಈಗ ಜಾಸ್ತಿ ಜನ ಒಪ್ಪುವುದು ಬೆವರಿನ ಉತ್ತರವನ್ನು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಬಿಸಿಲಲ್ಲಿ ದೂರ ನಡೆಯುವ, ಓಡುವ ಪ್ರಾಣಿಗೆ ಬೆವರು ಬೇಗ ಆರಿ ಮೈ ತಣ್ಣಗಾಗಬೇಕು, ದಟ್ಟ ಕೂದಲಿದ್ದರೆ ಅದು ಆಗುವುದಿಲ್ಲ. ಮೇ ತಿಂಗಳಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನಿಂತುಕೊಂಡು ಹೋಗುವವರಿಗೆ ಬೆವರು ಬೇಡದ ವಸ್ತು ಅನಿಸಬಹುದು. ಆದರೆ ಅದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಮುಂಬಯಿ ಪ್ರಾಂತ್ಯದ್ದೇ ಒಂದು ದಾಖಲೆ ಡಾರ್ವಿನ್‌ನ ಹತ್ತಿರ ಇತ್ತು.

ಸಿಂಧ್ ಆಗ ಮುಂಬಯಿ ಪ್ರಾಂತ್ಯದ ಭಾಗ, 1936ರವರೆಗೂ ಹಾಗೇ ಇತ್ತು. ಅಲ್ಲಿನ ಒಂದು ಹಿಂದೂ ಮನೆತನದ ವಿಷಯವನ್ನು ಡಬ್ಲ್ಯೂ. ವೆಡ್ಡರ್‌ಬರ್ನ್ ಎಂಬಾತ ಡಾರ್ವಿನ್‌ಗೆ ತಿಳಿಸಿದ್ದ, ಡಾರ್ವಿನ್ ಅದನ್ನು 1875ರಲ್ಲಿ ಅಚ್ಚಾದ ಒಂದು ಪುಸ್ತಕದ ಎರಡನೇ ಆವೃತ್ತಿಯಲ್ಲಿ ಬರೆದ. ಆ ಮನೆತನದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ ಬಾಚಿಹಲ್ಲು, ಎಂಟು ದವಡೆಹಲ್ಲು, ಅಷ್ಟೇ. ಮೈಮೇಲೆ ಕೂದಲು ಬಹಳ ಕಡಿಮೆ, ಚಿಕ್ಕ ವಯಸ್ಸಿಗೇ ತಲೆ ಬೋಳು. ಬೇಸಿಗೆಯಲ್ಲಿ ಚರ್ಮ ಒಣಗಿ ಬಹಳ ಸಂಕಟ. ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಹೀಗಾಗಲಿಲ್ಲ, ಆದರೆ ಆ ಹೆಣ್ಣುಮಕ್ಕಳ ಗಂಡುಮಕ್ಕಳಿಗೆ ಆಗುತ್ತಿತ್ತು. ತಂದೆಯಿಂದ ಮಗನಿಗೆ ಬಂದ ಉದಾಹರಣೆ ಒಂದೂ ಇರಲಿಲ್ಲ. ಡಾರ್ವಿನ್‌ಗೆ ಇದು ಒಗಟು. ಗುಣಗಳು ತಲೆಮಾರಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಅನ್ನುವ ಲೆಕ್ಕವನ್ನು ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲೇ ಪ್ರಕಟಿಸಿದ್ದ, ಆದರೆ ಅದರ ಬೆಲೆ ಜಗತ್ತಿಗೆ ಗೊತ್ತಾದದ್ದು 1900ರಲ್ಲಿ. ಅಷ್ಟರಲ್ಲಿ ಡಾರ್ವಿನ್ ತೀರಿಕೊಂಡು 18 ವರ್ಷ ಆಗಿತ್ತು. ಇವತ್ತಿನ ವೈದ್ಯರಿಗೆ ಆ ನಾಲ್ಕು ಸಾಲು ಓದಿದರೆ ಸಾಕು, ಇದು ಗಂಡುಮಕ್ಕಳಿಗೆ ತಾಯಿಯಿಂದ ಮಾತ್ರ ಬರುವ ಎಕ್ಸ್ ಕ್ರೋಮೋಸೋಮಿನ ಮೇಲಿನ ದೋಷ, ಬೆವರು, ಕೂದಲು, ಹಲ್ಲು ಮೂರೂ ಸರಿಯಾಗಿ ಬೆಳೆಯದ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಅಂತ ಹೇಳುತ್ತಾರೆ. ಅದಕ್ಕೆ ಕಾರಣವಾದ ಜೀನು ಸಿಕ್ಕಿದ್ದು 1996ರಲ್ಲಿ. ಇಂಥ ಮಕ್ಕಳು ಈಗಲೂ ಹುಟ್ಟುತ್ತಾರೆ, ಬೆವರದೇ ಇರುವುದರಿಂದ ಬಿಸಿಲಿನಲ್ಲಿ ಜ್ವರದ ಹಾಗೆ ಮೈ ಕಾದು ಜೀವಕ್ಕೇ ಅಪಾಯ ಆಗಬಹುದು. ಅವರನ್ನು ತಂಪಾಗಿ ಇಡಬೇಕು. ನಿಮ್ಮ ನೆಂಟರಿಷ್ಟರಲ್ಲಿ ಹಲ್ಲು ಬಾರದ, ಬೆವರದ ಮಗು ಇದ್ದರೆ ಶಾಪ, ದೋಷ ಅಂತ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹಿಂದಿನ ಪತ್ರದಲ್ಲಿ ಅಪೆಂಡಿಕ್ಸ್‌ನ ವಿಷಯವೂ ಇತ್ತು. ಅದು ಉಪಯೋಗ ಇಲ್ಲದ ಅಂಗ ಅಂತ ಡಾರ್ವಿನ್ ಹೇಳಿದ, ಈಗ ಉಪಯೋಗ ಇದೆ ಅಂತ ಗೊತ್ತಾಗಿದೆ, ಹಾಗಾಗಿ ಅವನ ವಾದವೇ ಬಿತ್ತು ಅಂತ. ಅರ್ಧ ಸರಿ. ಅಪೆಂಡಿಕ್ಸ್‌ನಲ್ಲಿ ರೋಗ ತಡೆಯುವ ಅಂಗಾಂಶ ಇದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಆಸರೆಯ ಜಾಗ ಇರಬಹುದು ಅಂತ ಈಗ ಹೇಳುತ್ತಾರೆ. ಆದರೆ ಒಂದು ಅಂಗಕ್ಕೆ ಎರಡು ಕೆಲಸ ಇದ್ದರೆ, ಮುಖ್ಯವಾದ ಕೆಲಸ ಹೋಗಿ ಇನ್ನೊಂದು ಉಳಿಯಬಹುದು ಅಂತ ಡಾರ್ವಿನ್ 1859ರಲ್ಲೇ ಬರೆದಿದ್ದ. ಕುರುಹು ಅಂದ ಮಾತ್ರಕ್ಕೆ ಪೂರ್ತಿ ನಿರುಪಯೋಗಿ ಅಂತ ಅಲ್ಲ.

ಕಿವಿಯದ್ದು ಒಂದು ಚಿಕ್ಕ ವಿಷಯ. ಥಾಮಸ್ ವೂಲ್ನರ್ ಎಂಬ ಶಿಲ್ಪಿ ಚೂಪು ಕಿವಿಯ ಒಂದು ಮೂರ್ತಿ ಮಾಡುತ್ತಿದ್ದಾಗ ಮಂಗಗಳ ಕಿವಿ, ಮನುಷ್ಯರ ಕಿವಿ ಎಲ್ಲ ನೋಡುತ್ತಾ ಹೋಗಿ, ಕೆಲವರಿಗೆ ಕಿವಿಯ ಮೇಲಿನ ಮಡಿಕೆಯ ಒಳಅಂಚಿನಲ್ಲಿ ಒಂದು ಸಣ್ಣ ಗಂಟು ಇರುವುದನ್ನು ಕಂಡ. ಚೂಪು ಕಿವಿಯ ತುದಿ ಒಳಗೆ ಮಡಚಿಕೊಂಡದ್ದು ಅದು ಅಂತ ಡಾರ್ವಿನ್ ತಿಳಿದ. ಎಲ್ಲರಿಗೂ ಇರುವುದಿಲ್ಲ, ಬೆರಳಿಂದ ಮುಟ್ಟಿ ನೋಡಿಕೊಳ್ಳಿ. ಹುಟ್ಟಿದ ಮಗು ನಮ್ಮ ಬೆರಳನ್ನು, ಕೂದಲನ್ನು ಎಷ್ಟು ಗಟ್ಟಿ ಹಿಡಿಯುತ್ತದೆ ಅಂತ ಬಾಣಂತನ ಮಾಡಿದ ಅಜ್ಜಿಯರಿಗೆಲ್ಲ ಗೊತ್ತು. 1891ರಲ್ಲಿ ಲೂಯಿಸ್ ರಾಬಿನ್ಸನ್ ಎಂಬ ಇಂಗ್ಲಿಷ್ ಡಾಕ್ಟರು ಅರವತ್ತರಷ್ಟು ಹಸುಗೂಸುಗಳನ್ನು ಪರೀಕ್ಷಿಸಿ, ಇಬ್ಬರನ್ನು ಬಿಟ್ಟು ಎಲ್ಲವೂ ಬೆರಳೋ ಸಣ್ಣ ಕೋಲೋ ಹಿಡಿದು ಕನಿಷ್ಠ ಹತ್ತು ಸೆಕೆಂಡು ತಮ್ಮ ಭಾರ ತಾವೇ ಹೊತ್ತು ನೇತಾಡಿದವು ಅಂತ ಬರೆದ. ತಾಯಿಯ ಮೈಗೆ ಅಂಟಿಕೊಂಡೇ ಬೆಳೆಯುವ ಮಂಗನ ಮರಿಯ ಹಿಡಿತ ಇದು ಅಂದ. ಯಾರೂ ಮನೆಯಲ್ಲಿ ಮಕ್ಕಳನ್ನು ನೇತಾಡಿಸಿ ನೋಡಬೇಡಿ, ಬೆರಳು ಕೊಟ್ಟರೆ ಸಾಕು, ಗೊತ್ತಾಗುತ್ತದೆ.

ಈ ವಿಜ್ಞಾನಿಗಳು ತಪ್ಪು ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿದರು, ಕೆಲವು ಬಹಳ ಕೆಟ್ಟ ತಪ್ಪುಗಳು. ಹೆಂಗಸರು ಬುದ್ಧಿಯಲ್ಲಿ ಗಂಡಸರ ಮಟ್ಟಕ್ಕೆ ಬರುವುದಿಲ್ಲ ಅಂತ ಡಾರ್ವಿನ್ 1871ರಲ್ಲಿ ಬರೆದ. ಜನಾಂಗಗಳನ್ನು ನಾಗರಿಕರು, ಅನಾಗರಿಕರು ಅಂತ ಮೇಲೆ ಕೆಳಗೆ ಜೋಡಿಸಿದ. ಅವನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಇನ್ನೂ ಮುಂದೆ ಹೋಗಿ, ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸಬೇಕು ಅನ್ನುವ ವಿಚಾರಕ್ಕೆ 1883ರಲ್ಲಿ ಯೂಜೆನಿಕ್ಸ್ ಅಂತ ಹೆಸರಿಟ್ಟ. ಅದರಿಂದ ಮುಂದೆ ಆದ ಅನಾಹುತ ಎಲ್ಲರಿಗೂ ಗೊತ್ತು. ಇದನ್ನೂ ಮಕ್ಕಳಿಗೆ ಹೇಳಬೇಕು, ಜೋರಾಗಿಯೇ ಹೇಳಬೇಕು. ಆದರೆ ಅದೇ ಡಾರ್ವಿನ್ 36 ಜನರ ಉತ್ತರ ಓದಿದ ಮೇಲೆ 1872ರ ಪುಸ್ತಕದ ಕೊನೆಯಲ್ಲಿ ಬಂದು ನಿಂತದ್ದು ಎಲ್ಲ ಜನಾಂಗಗಳೂ ಒಂದೇ ಮೂಲದಿಂದ ಇಳಿದು ಬಂದವು ಅನ್ನುವುದಕ್ಕೆ ಇದು ಹೊಸ ಆಧಾರ ಅನ್ನುವ ಮಾತಿಗೆ. ಆಗ ಜನಾಂಗಗಳು ಬೇರೆ ಬೇರೆಯಾಗಿಯೇ ಹುಟ್ಟಿದವು ಅಂತ ವಾದ ಮಾಡುವ ದೊಡ್ಡ ಗುಂಪು ಇತ್ತು. ಗುಲಾಮಗಿರಿಯನ್ನು ಸಮರ್ಥಿಸುವವರಿಗೆ ಆ ವಾದ ಅನುಕೂಲವಾಗಿತ್ತು.

ಚರ್ಮದ ಬಣ್ಣದಲ್ಲೂ ಅವರು ದಾರಿ ತಪ್ಪಿದರು. ಕಪ್ಪು ಬಣ್ಣದವರಿಗೆ ಮಲೇರಿಯಾದಂಥ ಜ್ವರ ಬರುವುದು ಕಡಿಮೆ ಇರಬಹುದೇ ಅಂತ ತಿಳಿಯಲು ಡಾರ್ವಿನ್ 1862ರಲ್ಲಿ ಹೊರದೇಶದಲ್ಲಿದ್ದ ಬ್ರಿಟಿಷ್ ಸೇನೆಯ ವೈದ್ಯರಿಗೆ ಒಂದು ನಮೂನೆ ಕಳಿಸಿದ. ಒಂದು ಉತ್ತರವೂ ಬರಲಿಲ್ಲ, ಅದನ್ನೂ ಅವನೇ ಬರೆದುಕೊಂಡಿದ್ದಾನೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ದೇಹದ ಫೋಲೇಟ್ ಎಂಬ ವಿಟಮಿನ್ ಹಾಳಾಗದಂತೆ ಕಪ್ಪು ಚರ್ಮ ಕಾಪಾಡುತ್ತದೆ, ಬಿಸಿಲು ಕಡಿಮೆ ಇರುವ ಕಡೆ ವಿಟಮಿನ್ ಡಿ ತಯಾರಾಗಲು ತಿಳಿ ಬಣ್ಣ ಅನುಕೂಲ ಅನ್ನುವುದು ಈಗಿನ ತಿಳಿವಳಿಕೆ. ನಮ್ಮ ಬಣ್ಣ ನಮ್ಮ ಬಿಸಿಲಿಗೆ ತಕ್ಕ ಬಣ್ಣ. ಇಷ್ಟು ಗೊತ್ತಿದ್ದೂ ವಧು ವರರ ಕಾಲಮ್ಮುಗಳಲ್ಲಿ 'ಬೆಳ್ಳಗಿರುವ ಹುಡುಗಿ ಬೇಕು' ಅಂತ ನೋಡಿದಾಗ ನನಗೆ ಸಂಕಟವಾಗುತ್ತದೆ. ಪತ್ರಿಕೆಗಳು ಅಂಥ ಸಾಲು ತೆಗೆದುಹಾಕಿದರೆ ಏನು ನಷ್ಟ?

ಅವರು ಎಲ್ಲ ಗೊತ್ತು ಅನ್ನಲಿಲ್ಲ, ಅದೇ ನನಗೆ ದೊಡ್ಡದಾಗಿ ಕಾಣುವುದು. ಕಣ್ಣಿನಂಥ ನಾಜೂಕು ಅಂಗ ಹೇಗೆ ಆಯಿತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ ಅಂತ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ನವಿಲಿನ ಗರಿ ನೋಡಿದಾಗಲೆಲ್ಲ ಹೊಟ್ಟೆ ತೊಳೆಸುತ್ತದೆ ಅಂತಲೂ ಬರೆದ. ಅಷ್ಟು ಭಾರದ, ಅಷ್ಟು ಚಂದದ ಬಾಲದಿಂದ ಬದುಕಲು ಏನು ಉಪಕಾರ ಅಂತ ಅವನಿಗೆ ತಿಳಿದಿರಲಿಲ್ಲ. ಹೆಣ್ಣು ನವಿಲಿನ ಆಯ್ಕೆ ಅನ್ನುವ ಉತ್ತರವನ್ನು ಬೆಳೆಸಿ ಪೂರ್ತಿಯಾಗಿ ಮುಂದಿಟ್ಟದ್ದು 1871ರಲ್ಲಿ. ಆ ಹನ್ನೊಂದು ವರ್ಷ ಅವನು ಓದಿದ, ಕೇಳಿದ, ಸಾಕಿದ, ಎಣಿಸಿದ, ಪತ್ರ ಬರೆದ.

ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವವಿಜ್ಞಾನದಲ್ಲಿ ಅದು ಇದೆ ಅಂತ ಹೇಳುತ್ತಾರೆ. ಹತ್ತು ಮುಗಿಸಿ ಕಾಮರ್ಸಿಗೋ ಕೆಲಸಕ್ಕೋ ಹೋಗುವ ಮಕ್ಕಳಿಗೆ ಅದರಿಂದ ಏನು ಬಂತು? ನಮ್ಮ ಕಡೆಯ ಹೆಚ್ಚಿನ ಮಕ್ಕಳು ಆ ದಾರಿಯವರೇ. ಹೋಟೆಲಿನಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ತಮ್ಮ ಮೈಯ ಕಥೆ ತಿಳಿಯುವ ಹಕ್ಕಿಲ್ಲವೇ? ಶಾಲೆ ಕೊಡದಿದ್ದರೆ ನಾವು ಕೊಡೋಣ. ಮುಂಬೈಯಲ್ಲಿ ನಮಗೆ ಸಂಘಗಳಿವೆ, ಭಾನುವಾರದ ಕನ್ನಡ ತರಗತಿಗಳಿವೆ, ಸಭಾಂಗಣಗಳಿವೆ. ಭಾಯಖಳಾದ ರಾಣಿಬಾಗ್ ಪಕ್ಕದ ಮ್ಯೂಸಿಯಂ ತೆರೆದದ್ದು ಡಾರ್ವಿನ್‌ನ ಆ ಪುಸ್ತಕ ಬಂದ 1872ರಲ್ಲೇ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಶುರುವಾದದ್ದು 1883ರಲ್ಲಿ, ಇಲ್ಲೇ, ಈ ಊರಲ್ಲೇ. ಮಕ್ಕಳನ್ನು ರಾಣಿಬಾಗ್‌ಗೆ ಪಿಕ್‌ನಿಕ್ ಅಂತ ಹೇಗೂ ಕರೆದುಕೊಂಡು ಹೋಗುತ್ತೇವೆ. ಮಂಗಗಳ ಕಿವಿ, ಹುಬ್ಬು, ಕೈ ನೋಡಿ ಬರೆದುಕೊಂಡು ಬನ್ನಿ ಅಂತ ಒಂದು ನೋಟ್‌ಬುಕ್ ಕೈಗೆ ಕೊಟ್ಟರೆ ಅದೇ ಪಾಠ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಡಾರ್ವಿನ್‌ನ ಹದಿನಾರು ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ಮಾಡಿ ಇಟ್ಟಿದ್ದೇನೆ, ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಮಕ್ಕಳ ಪುಟದಲ್ಲಿ ಅವನ್ನು ಹಾಕಿ, ಓದುಗರಿಂದ ಉತ್ತರ ಕೇಳಿ. ಮನೆಯವರನ್ನು ನೋಡಿ ಬರೆಯಲಿ, ನೆನಪಿನಿಂದ ಬರೆಯುವುದು ಬೇಡ. ಹೌದು ಅನ್ನಲು ಕಾರವಾರದವರು, ಮಂಗಳೂರಿನವರು, ಧಾರವಾಡದವರು, ಕಲಬುರಗಿಯವರು ತಲೆಯನ್ನು ಒಂದೇ ರೀತಿ ಆಡಿಸುತ್ತಾರೋ ಬೇರೆ ಬೇರೆಯೋ, ಮುಂಬೈಯಲ್ಲೇ ಹುಟ್ಟಿದ ಮಕ್ಕಳದ್ದು ಹೇಗೆ, ಇದನ್ನು ಮಾತ್ರ ವಿಶೇಷವಾಗಿ ಕೇಳಬೇಕು. ಉತ್ತರ ಕಳಿಸಿದ ಪ್ರತಿಯೊಬ್ಬರ ಹೆಸರನ್ನೂ, ಊರನ್ನೂ ಅವರು ಒಪ್ಪಿದರೆ ಅಚ್ಚು ಹಾಕಬೇಕು. ಬಂದ ಪತ್ರಗಳನ್ನು ವಿಂಗಡಿಸಿ ಕೊಡುವ ಕೆಲಸ ನಾನು ಮಾಡುತ್ತೇನೆ. ಹಾಳೆಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ವಿಜ್ಞಾನ ಶಿಕ್ಷಕಿ, ಡೊಂಬಿವಲಿ ಪೂರ್ವ